ಬರೆಯುವ ಭಾಷೆಯಿಂದ ಓದುವ ಭಾಷೆಗೆ: ಅಸೆಂಬ್ಲಿ ಮತ್ತು ಪ್ರೊಸೆಸರ್ ವಿನ್ಯಾಸದ ಪಾಠ ಸಾಗಿಬಂದ ಹಾದಿ

ರಿಸ್ಕ್-ಫೈವ್ ಎಂಬ ಬಗೆಯ ಪ್ರೊಸೆಸರ್‌ಗೆ ‘5ನೇ ರಿಜಿಸ್ಟರ್‌ನಲ್ಲಿ (ಪ್ರೊಸೆಸರ್‌ ಒಳಗಿನ ಪುಟ್ಟ ಸಂಗ್ರಹ ಜಾಗದಲ್ಲಿ) 7 ಇಡು’ ಎಂದು ಹೇಳಲು, ಯಂತ್ರದ ಆದೇಶಗಳನ್ನು ಅಕ್ಷರಗಳಲ್ಲಿ ಬರೆಯುವ ಭಾಷೆಯಾದ ಅಸೆಂಬ್ಲಿಯ ಒಂದು ಸಾಲು ಸಾಕು. ಆ ಸಾಲು ಮೆಮೊರಿಯಲ್ಲಿ 32 ಬಿಟ್‌ಗಳಾಗಿ ಹೀಗೆ ಕೂರುತ್ತದೆ: 000000000111 00000 000 00101 0010011. ಮೊದಲ 12 ಬಿಟ್‌ಗಳು 7 ಎಂಬ ಸಂಖ್ಯೆ. ಅನಂತರದ ಐದು ಬಿಟ್‌ಗಳು ಯಾವಾಗಲೂ ಸೊನ್ನೆಯನ್ನೇ ಕೊಡುವ ರಿಜಿಸ್ಟರ್‌ನ ಗುರುತು. 00101 ಎಂಬುದು ಫಲಿತಾಂಶ ಸೇರಬೇಕಾದ ಜಾಗ. ಉಳಿದ ಮೂರು ಮತ್ತು ಏಳು ಬಿಟ್‌ಗಳು ಸೇರಿ ‘ಕೂಡಿಸು’ ಎನ್ನುತ್ತವೆ. ಅಂದರೆ ‘ಇಡು’ ಎಂಬ ಪ್ರತ್ಯೇಕ ಆದೇಶವೇ ಇಲ್ಲ. ಸೊನ್ನೆಗೆ 7 ಕೂಡಿಸಿದರೆ ಕೆಲಸ ಮುಗಿಯಿತು. ಪ್ರೋಗ್ರಾಮರ್‌ಗೆ ಸಾಲಾಗಿ ಕಾಣುವುದು ವಿನ್ಯಾಸಕನಿಗೆ ತಂತಿಗಳ ಗುಂಪಾಗಿ ಕಾಣುತ್ತದೆ. ಈ ಎರಡು ನೋಟಗಳನ್ನು ವಿಶ್ವವಿದ್ಯಾಲಯಗಳು ಒಮ್ಮೆ ಒಟ್ಟಿಗೇ ಕಲಿಸುತ್ತಿದ್ದವು, ಆಮೇಲೆ ಬೇರ್ಪಡಿಸಿದವು, ಮತ್ತೆ ಕೂಡಿಸಲು ದಶಕಗಳನ್ನೇ ತೆಗೆದುಕೊಂಡವು.

1946ರ ಬೇಸಿಗೆಯಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂರ್ ಸ್ಕೂಲ್‌ನಲ್ಲಿ ನಡೆದ ಉಪನ್ಯಾಸ ಮಾಲೆಯ ವಿಷಯ ಕಂಪ್ಯೂಟರ್ ಯಂತ್ರವನ್ನು ಕಟ್ಟುವುದಾಗಿತ್ತು. ಅದರ ಕೊನೆಯ ದಿನಗಳಿಗೆ ಬಂದು ಸೇರಿಕೊಂಡ ಮಾರಿಸ್ ವಿಲ್ಕ್ಸ್, ಕೇಂಬ್ರಿಡ್ಜ್‌ಗೆ ಮರಳಿ ಎಡ್‌ಸ್ಯಾಕ್ ಎಂಬ ಕಂಪ್ಯೂಟರ್ ಕಟ್ಟಿದರು. ಅದು 1949ರ ಮೇ 6ರಂದು ಮೊದಲ ಪ್ರೋಗ್ರಾಂ ನಡೆಸಿತು. ಕೂಡುವುದಕ್ಕೆ ಒಂದು ಅಕ್ಷರ, ಕಳೆಯುವುದಕ್ಕೆ ಇನ್ನೊಂದು ಎಂದು ಕಾಗದದ ಪಟ್ಟಿಯಲ್ಲಿ ರಂಧ್ರ ಕೊರೆದು ಕೊಟ್ಟರೆ, ಅದನ್ನು ಯಂತ್ರದ ಬಿಟ್‌ಗಳಾಗಿ ಪರಿವರ್ತಿಸುವ ಪುಟ್ಟ ಪ್ರೋಗ್ರಾಂ ಒಂದನ್ನು ವಿಲ್ಕ್ಸ್ ತಂಡದ ಡೇವಿಡ್ ವೀಲರ್ ಬರೆದರು. ಅಸೆಂಬ್ಲರ್‌ನ ಮೂಲರೂಪವೆಂದು ಅದನ್ನು ಕರೆಯಬಹುದು. 1953ರಲ್ಲಿ ಅಲ್ಲಿಯೇ ಕಂಪ್ಯೂಟಿಂಗ್‌ನ ಡಿಪ್ಲೊಮಾ ಆರಂಭವಾದಾಗ, ಪ್ರೋಗ್ರಾಂ ಬರೆಯುವುದೆಂದರೆ ಯಂತ್ರದ ಆದೇಶಗಳನ್ನೇ ಬರೆಯುವುದು ಎಂಬುದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಬಿರುಕು ಮೂಡಿದ್ದು ಎರಡು ಒಳ್ಳೆಯ ಬೆಳವಣಿಗೆಗಳಿಂದ. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯ ಕಂಪೈಲರ್ (ಸೂತ್ರಗಳಂತೆ ಬರೆದದ್ದನ್ನು ಯಂತ್ರದ ಆದೇಶಗಳಾಗಿ ಅನುವಾದಿಸುವ ಪ್ರೋಗ್ರಾಂ), ಯಂತ್ರದ ಆದೇಶಗಳನ್ನು ತಿಳಿಯದೆಯೂ ಪ್ರೋಗ್ರಾಂ ಬರೆಯಬಹುದೆಂದು ತೋರಿಸಿತು. 1964ರಲ್ಲಿ ಐಬಿಎಂ ಪ್ರಕಟಿಸಿದ ಸಿಸ್ಟಮ್/360, ಒಂದೇ ಆದೇಶ ಸಂಚಯವನ್ನು (ಪ್ರೊಸೆಸರ್‌ಗೆ ಅರ್ಥವಾಗುವ ಆದೇಶಗಳ ಪೂರ್ಣ ಪಟ್ಟಿಯನ್ನು) ಬೇರೆ ಬೇರೆ ವೇಗ ಮತ್ತು ಬೆಲೆಯ ಯಂತ್ರಗಳಲ್ಲಿ ಒದಗಿಸಿ, ಆದೇಶ ಸಂಚಯವೆಂಬುದು ಒಂದು ಕರಾರು, ಒಳಗಿನ ರಚನೆ ಬೇರೆಯದೇ ಸಂಗತಿ ಎಂಬ ತಿಳಿವಳಿಕೆಯನ್ನು ನೆಲೆಗೊಳಿಸಿತು. ಎಂಜಿನಿಯರಿಂಗ್‌ನಲ್ಲಿ ಇದು ದೊಡ್ಡ ಗೆಲುವು. ಪಾಠದ ಕೋಣೆಯಲ್ಲಿ ಮಾತ್ರ ಕರಾರು ಒಂದು ವಿಭಾಗಕ್ಕೂ ರಚನೆ ಇನ್ನೊಂದಕ್ಕೂ ಹಂಚಿಹೋಯಿತು. ಎಪ್ಪತ್ತರ ದಶಕದಲ್ಲಿ ಅಗ್ಗದ ಮೈಕ್ರೊಪ್ರೊಸೆಸರ್‌ಗಳು ಬಂದ ಮೇಲೆ ಬಹಳಷ್ಟು ಕಡೆ ಅಸೆಂಬ್ಲಿ ಪಾಠವೆಂದರೆ ಒಂದು ಚಿಪ್‌ನ ಆದೇಶಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು ಎಂಬಂತಾಯಿತು. ಆ ಪಟ್ಟಿ ಏಕೆ ಹಾಗಿದೆ ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟ ಪಾಠದಿಂದ ಪರೀಕ್ಷೆಯಾಚೆ ಹೆಚ್ಚಿನ ಉಪಯೋಗವಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಬೇರ್ಪಟ್ಟದ್ದು ಮತ್ತೆ ಕೂಡಿದ್ದು ವಿದ್ಯಾರ್ಥಿಗಳ ಕೈಗೆ ಚಿಪ್ ವಿನ್ಯಾಸ ಬಂದಾಗ. 1978ರಲ್ಲಿ ಲಿನ್ ಕಾನ್ವೇ ಎಂಐಟಿಯಲ್ಲಿ ಕಲಿಸಿದ ಕೋರ್ಸ್‌ನ ವಿದ್ಯಾರ್ಥಿಗಳು ತಾವೇ ವಿನ್ಯಾಸ ಮಾಡಿದ ಚಿಪ್‌ಗಳನ್ನು ತಯಾರಿಗೆ ಕಳುಹಿಸಿ, ಸಿದ್ಧವಾದವನ್ನು ಕೈಯಲ್ಲಿ ಹಿಡಿದರು. ಬರ್ಕ್‌ಲಿಯಲ್ಲಿ ಡೇವಿಡ್ ಪ್ಯಾಟರ್ಸನ್ ಮತ್ತು ಅವರ ವಿದ್ಯಾರ್ಥಿಗಳು ರೂಪಿಸಿದ ರಿಸ್ಕ್-1 ಚಿಪ್‌ನಲ್ಲಿದ್ದ ಟ್ರಾನ್ಸಿಸ್ಟರ್‌ಗಳು ಸುಮಾರು 44,000 ಮಾತ್ರ. ಅದೇ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಹೆನೆಸ್ಸಿಯವರ ತಂಡ ಮಿಪ್ಸ್ ಎಂಬ ಅಂಥದೇ ಪ್ರೊಸೆಸರ್ ರೂಪಿಸುತ್ತಿತ್ತು. ಆದೇಶಗಳು ಕಡಿಮೆಯಾಗಿ, ಅವುಗಳ ಅಳತೆಯೂ ಒಂದೇ ಆದದ್ದರಿಂದ, ಒಂದು ಸೆಮಿಸ್ಟರ್‌ನಲ್ಲಿ ವಿದ್ಯಾರ್ಥಿಯೊಬ್ಬ ಇಡೀ ಪ್ರೊಸೆಸರ್ ಅನ್ನು ಕಾಗದದ ಮೇಲೆ ಬಿಡಿಸುವುದು ಸಾಧ್ಯವಾಯಿತು. ಪ್ಯಾಟರ್ಸನ್ ಮತ್ತು ಹೆನೆಸ್ಸಿ ಸೇರಿ ಬರೆದ ಪಠ್ಯಪುಸ್ತಕಗಳ ಮೂಲಕ, ಒಂದು ಆದೇಶ ಮುಗಿಯುವ ಮೊದಲೇ ಮುಂದಿನದನ್ನು ಶುರುಮಾಡುವ ಐದು ಹಂತಗಳ ಪೈಪ್‌ಲೈನ್ ಜಗತ್ತಿನ ತರಗತಿಗಳಿಗೆ ತಲುಪಿತು.

ಆ ಪೈಪ್‌ಲೈನ್‌ನಲ್ಲಿ ಎಲ್ಲರೂ ಒಮ್ಮೆ ಎಡವುವ ಜಾಗವೊಂದಿದೆ. ಒಂದು ಆದೇಶ ಮೆಮೊರಿಯಿಂದ ಸಂಖ್ಯೆಯನ್ನು ತರುತ್ತದೆ; ಅದರ ಬೆನ್ನಿಗೇ ಬಂದ ಆದೇಶ ಅದೇ ಸಂಖ್ಯೆಯನ್ನು ಕೂಡಲು ಕೇಳುತ್ತದೆ. ಮೊದಲನೆಯದು ನಾಲ್ಕನೇ ಹಂತವನ್ನು ಮುಗಿಸುವವರೆಗೆ ಸಂಖ್ಯೆ ಸಿಗುವುದಿಲ್ಲ, ಆದರೆ ಎರಡನೆಯದಕ್ಕೆ ಅದು ಮೊದಲನೆಯದು ಆ ಹಂತವನ್ನು ಆರಂಭಿಸುವಾಗಲೇ ಬೇಕು. ಎಷ್ಟೇ ಅಡ್ಡದಾರಿ ತಂತಿ ಎಳೆದರೂ ಒಂದು ಗಡಿಯಾರ ಮಿಡಿತ ಕಾಯಲೇಬೇಕು. ನಡುವೆ ಸಂಬಂಧವಿಲ್ಲದ ಮತ್ತೊಂದು ಆದೇಶವನ್ನು ತಂದಿಟ್ಟರೆ ಆ ಕಾಯುವಿಕೆ ತಪ್ಪುತ್ತದೆ. ಕಂಪೈಲರ್ ಸಾಲುಗಳನ್ನು ಹಿಂದುಮುಂದು ಮಾಡುವುದೇಕೆಂಬುದು ಅಲ್ಲಿ ಅರ್ಥವಾಗುತ್ತದೆ, ಮತ್ತು ಅರ್ಥವಾಗಲು ಅಸೆಂಬ್ಲಿಯನ್ನೂ ಸರ್ಕ್ಯೂಟನ್ನೂ ಒಟ್ಟಿಗೆ ನೋಡಲೇಬೇಕು.

ಮುಂದಿನದು ಸಾಧನಗಳ ಕಥೆ. ಎಂಬತ್ತರ ದಶಕದ ನಡುವೆ ಬಂದ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ಬಳಕೆದಾರರೇ ಜೋಡಿಸಿಕೊಳ್ಳಬಹುದಾದ ಸಿದ್ಧ ಚಿಪ್), ಚಿಪ್ ತಯಾರಿಸದೆಯೇ ವಿನ್ಯಾಸವನ್ನು ನಡೆಸಿ ನೋಡುವ ದಾರಿ ತೆರೆಯಿತು. 2010ರಲ್ಲಿ ಬರ್ಕ್‌ಲಿಯಲ್ಲಿಯೇ ಆರಂಭವಾದ ರಿಸ್ಕ್-ಫೈವ್ ಪರವಾನಗಿ ಶುಲ್ಕವಿಲ್ಲದ ಆದೇಶ ಸಂಚಯವನ್ನು ಕೊಟ್ಟಿತು. ಅದರ 32 ಬಿಟ್ ಮೂಲಭಾಗದಲ್ಲಿರುವ ಆದೇಶಗಳು ನಲವತ್ತರ ಆಸುಪಾಸು.

ಇಂದು ಅಸೆಂಬ್ಲಿಯಲ್ಲಿ ಇಡೀ ಪ್ರೋಗ್ರಾಂ ಬರೆಯುವವರು ವಿರಳ. ಕಂಪೈಲರ್ ಬರೆದದ್ದನ್ನು ಓದುವವರೇ ಹೆಚ್ಚು. ಆದರೆ 2018ರ ಜನವರಿಯಲ್ಲಿ ಬಹಿರಂಗವಾದ ಸ್ಪೆಕ್ಟರ್ ಮತ್ತು ಮೆಲ್ಟ್‌ಡೌನ್ ದೋಷಗಳು ಓದುವುದಕ್ಕೂ ಮಿತಿಯಿದೆಯೆಂದು ತೋರಿಸಿದವು. ಪ್ರೊಸೆಸರ್ ಮುಂದಾಗಿ ಊಹಿಸಿ ನಡೆಸಿದ ಆದೇಶಗಳನ್ನು, ಊಹೆ ತಪ್ಪಾದಾಗ, ಕರಾರಿನಂತೆ ರದ್ದು ಮಾಡುತ್ತದೆ. ಆದರೆ ಅವು ಕ್ಯಾಶ್‌ಗೆ (ಪ್ರೊಸೆಸರ್‌ ಬಳಿಯಿರುವ ಚಿಕ್ಕ, ವೇಗದ ಮೆಮೊರಿಗೆ) ತಂದಿಟ್ಟ ಮಾಹಿತಿ ಅಲ್ಲಿಯೇ ಉಳಿಯುತ್ತದೆ, ಓದಲು ತಗಲುವ ಸಮಯವನ್ನು ಅಳೆದು ಅದರಿಂದ ಗುಟ್ಟನ್ನು ಹೊರತೆಗೆಯಬಹುದು. ಅಸೆಂಬ್ಲಿಯ ಆ ಸಾಲುಗಳನ್ನು ಎಷ್ಟು ಬಾರಿ ಓದಿದರೂ ಅಲ್ಲಿ ತಪ್ಪು ಕಾಣುವುದಿಲ್ಲ. ಸೋರಿಕೆ ಇರುವುದು ಸರ್ಕ್ಯೂಟ್‌ನಲ್ಲಿ.