ಕೊಟ್ಟಿಗೆಹಾರದ ಕುಣಿಯುವ ಕಪ್ಪೆ ಮತ್ತು ತೋಟದೊಳಗಿನ ಹಳ್ಳ

ಮಲೆನಾಡಿನ ಅಳಿವಿನಂಚಿನ ಪ್ರಾಣಿಗಳ ಮಾತು ಬಂದಾಗ ಭದ್ರಾ ಅಭಯಾರಣ್ಯದ ಹುಲಿ, ಕುದುರೆಮುಖದ ಸಿಂಗಳೀಕ ನಮಗೆ ಮೊದಲು ನೆನಪಾಗುತ್ತವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವಾದ ಐಯುಸಿಎನ್ ಸಂಸ್ಥೆಯ, ಅಳಿವಿನ ಭೀತಿಯನ್ನು ಅಳೆಯುವ ಕೆಂಪು ಪಟ್ಟಿಯಲ್ಲಿ ಇವೆರಡನ್ನೂ ಮೀರಿದ ಗಂಡಾಂತರದ ವರ್ಗಕ್ಕೆ ಸೇರಿದ ಜೀವಿಯೊಂದು ಮೂಡಿಗೆರೆ ತಾಲ್ಲೂಕಿನ ಊರಿನ ಹೆಸರನ್ನೇ ಹೊತ್ತಿದೆ. ಚಾರ್ಮಾಡಿ ಘಾಟಿ ಇಳಿಯುವ ಮುನ್ನ ಸಿಗುವ ಕೊಟ್ಟಿಗೆಹಾರವೇ ಆ ಊರು. ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್ ಎಂಬುದು ಆ ಕಪ್ಪೆಯ ವೈಜ್ಞಾನಿಕ ಹೆಸರು. ಅದರ ಮೈಯ ಉದ್ದ 2-3 ಸೆಂಟಿಮೀಟರ್ ಮಾತ್ರ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು 1937ರಲ್ಲಿ ಇದನ್ನು ವಿವರಿಸಿ ಹೆಸರಿಟ್ಟರು. ಸಕಲೇಶಪುರದಾಚೆ ಶಿರಾಡಿ ಘಾಟಿಯ ಕೆಂಪುಹೊಳೆಯ ಹೆಸರನ್ನು ಪಡೆದ ಇರುಳುಗಪ್ಪೆಯೂ ಅದೇ ವರ್ಷ ಅವರಿಂದಲೇ ಬೆಳಕಿಗೆ ಬಂದಿತು. ಅವರು ಸಂಗ್ರಹಿಸಿಟ್ಟಿದ್ದ ಮಾದರಿಗಳು ಕಾಲಾಂತರದಲ್ಲಿ ಕಳೆದುಹೋದದ್ದು ದೊಡ್ಡ ನಷ್ಟವೇ ಸರಿ. ಈ ಕುಣಿಯುವ ಕಪ್ಪೆಗಳ ಇಡೀ ಕುಟುಂಬ ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ; 2014ರಲ್ಲಿ ಕಪ್ಪೆಗಳ ಸಂಶೋಧಕ ಎಸ್. ಡಿ. ಬಿಜು ಮತ್ತು ಸಂಗಡಿಗರು ಈ ಕುಟುಂಬದ 14 ಹೊಸ ಪ್ರಭೇದಗಳನ್ನು ಒಟ್ಟಿಗೇ ಪ್ರಕಟಿಸಿದಾಗ, ನಮ್ಮ ಕಾಡಿನ ತೊರೆಗಳಲ್ಲಿ ಇನ್ನೂ ಎಷ್ಟು ಜೀವಿಗಳು ಲೆಕ್ಕಕ್ಕೆ ಸಿಗದೆ ಉಳಿದಿರಬಹುದು ಎಂಬುದು ಅರಿವಾಯಿತು.

ಕುಣಿತಕ್ಕೆ ಕಾರಣ ನೀರಿನ ಸದ್ದು. ಕೆರೆ-ಗದ್ದೆಗಳ ಕಪ್ಪೆಗೆ ವಟಗುಟ್ಟಿದರೆ ಸಾಕು, ದೂರದವರೆಗೂ ಕೇಳುತ್ತದೆ. ಬಂಡೆಗಳ ನಡುವೆ ಧುಮುಕುವ ತೊರೆಯ ಪಕ್ಕದಲ್ಲಿ ಇಷ್ಟು ಸಣ್ಣ ಕಪ್ಪೆಯ ದನಿ ಆ ಭೋರ್ಗರೆತದಲ್ಲಿ ಮುಳುಗಿಬಿಡುತ್ತದೆ. ಆದ್ದರಿಂದ ಒದ್ದೆ ಬಂಡೆಯ ಮೇಲೆ ಕುಳಿತ ಗಂಡು, ಹಗಲು ಬೆಳಕಿನಲ್ಲಿಯೇ, ಗಂಟಲ ಚೀಲವನ್ನು ಉಬ್ಬಿಸಿ ಕೂಗುವುದರ ಜೊತೆಗೆ ಒಂದು ಹಿಂಗಾಲನ್ನು ಹಿಂದಕ್ಕೆ ಉದ್ದಕ್ಕೆ ಚಾಚಿ, ಬೆರಳುಗಳ ನಡುವಿನ ಪೊರೆಯನ್ನು ಬಿಡಿಸಿ ತೋರಿಸಿ, ಮತ್ತೆ ಮಡಚಿಕೊಳ್ಳುತ್ತದೆ. ಇದು ಬಹುಮಟ್ಟಿಗೆ ಇತರ ಗಂಡುಗಳಿಗೆ ನೀಡುವ ಎಚ್ಚರಿಕೆ: ಈ ಬಂಡೆ ನನ್ನದು, ಹತ್ತಿರ ಬರಬೇಡ. ಕಿವಿಗೆ ತಲುಪದ ಮಾತನ್ನು ಕಣ್ಣಿಗೆ ತಲುಪಿಸುವ ಈ ಉಪಾಯ ನನಗಂತೂ ಜೀವವಿಕಾಸದ ಅತ್ಯಂತ ಸೊಗಸಾದ ಪರಿಹಾರಗಳಲ್ಲಿ ಒಂದಾಗಿ ಕಾಣುತ್ತದೆ.

ಇದರ ಬದುಕು ತೊರೆಯ ತಳಕ್ಕೆ ಎಷ್ಟು ಬಿಗಿಯಾಗಿ ಕಟ್ಟಿಕೊಂಡಿದೆ ಎಂಬುದು ಮೊಟ್ಟೆಯಿಡುವ ರೀತಿಯಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಮಳೆಗಾಲ ಇಳಿದು ನೀರಿನ ರಭಸ ತಗ್ಗಿದ ಮೇಲೆ ಹೆಣ್ಣು ಆಳವಿಲ್ಲದ ಜಾಗದಲ್ಲಿ ಹಿಂಗಾಲುಗಳಿಂದ ತಳವನ್ನು ಕೆದಕಿ ಗುಳಿ ಮಾಡಿ, ಮೊಟ್ಟೆಯಿಟ್ಟು, ಮರಳು-ಹರಳುಗಳಿಂದ ಮುಚ್ಚುತ್ತದೆ. ಇದೇ ಕುಟುಂಬದ ಇನ್ನೊಂದು ಪ್ರಭೇದದ ಗೊದಮೊಟ್ಟೆಗಳ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನ, ಅವು ಹಾವುಮೀನಿನಂತಹ ಮೈಯಿಂದ ಹರಳಿನ ಸಂದುಗಳಲ್ಲಿ ತೂರಿಕೊಂಡು, ಚರ್ಮ ಮುಚ್ಚಿದ ಕಣ್ಣುಗಳೊಡನೆ ಕತ್ತಲಲ್ಲಿಯೇ ಬೆಳೆಯುತ್ತವೆ ಎಂದು ತೋರಿಸಿಕೊಟ್ಟಿತು. ಹರಳಿನ ಸಂದುಗಳಲ್ಲಿ ತಣ್ಣನೆಯ, ಆಮ್ಲಜನಕ ತುಂಬಿದ ನೀರು ಹರಿಯುತ್ತಿದ್ದರೆ ಮಾತ್ರ ಇಂತಹ ತೊಟ್ಟಿಲು ಉಳಿಯುತ್ತದೆ. ರಸ್ತೆಗಾಗಿ ಕಡಿದ ಗುಡ್ಡದ ಮಣ್ಣು ತೊರೆಗೆ ಇಳಿದರೆ ಆ ಸಂದುಗಳು ಮುಚ್ಚಿಹೋಗುತ್ತವೆ; ದಂಡೆಯ ಮರಗಳನ್ನು ಬೋಳಿಸಿದರೆ ಬಿಸಿಲು ನೇರವಾಗಿ ಬಿದ್ದು ಬಂಡೆಗಳು ಒಣಗುತ್ತವೆ; ಅಡ್ಡಗಟ್ಟೆ ಕಟ್ಟಿದರೆ ಮೇಲ್ಭಾಗದ ಹರಿಯುವ ನೀರು ನಿಂತ ನೀರಾಗುತ್ತದೆ. ಸಕಲೇಶಪುರದ ಹೊಳೆಗಳಿಂದ 24.01 ಟಿಎಂಸಿ ನೀರೆತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ದೊರೆತಿದೆ. ಆ ಹೊಳೆಗಳ ಕುರಿತ ಚರ್ಚೆ ನೀರಿನ ಪ್ರಮಾಣದ ಸುತ್ತಲೇ ನಡೆಯುತ್ತದೆ. ತೊರೆಯ ತಳದ ಜೀವಿಗಳ ಪ್ರಸ್ತಾಪ ಅಲ್ಲಿ ತೀರ ಕಡಿಮೆ ಎಂಬುದು ನನಗೆ ನೋವಿನ ಸಂಗತಿ.

ಕಪ್ಪೆಗೆ ಅಭಯಾರಣ್ಯದ ಗಡಿ ಗೊತ್ತಿಲ್ಲ. ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಲ್ಲಿ ಕಾಡಿನಿಂದ ಹೊರಟ ಎಷ್ಟೋ ಹಳ್ಳಗಳು ಕಾಫಿ ತೋಟಗಳನ್ನು ಹಾದೇ ಮುಂದೆ ಸಾಗುತ್ತವೆ. ಕಾಡುಮರಗಳ ನೆರಳಿನಲ್ಲಿ ಬೆಳೆಸಿದ ಹಳೆಯ ತೋಟ ತೊರೆಯ ತಂಪನ್ನು ಒಂದು ಮಟ್ಟಿಗೆ ಕಾಯುತ್ತದೆ; ಅವನ್ನು ಕಡಿದು ಸಿಲ್ವರ್ ಓಕ್ ಒಂದನ್ನೇ ಬೆಳೆಸಿದಲ್ಲಿ ಆ ದಟ್ಟ ನೆರಳು ಇರುವುದಿಲ್ಲ. ಅದಕ್ಕಿಂತ ನೇರವಾದ ಪೆಟ್ಟು ಪಲ್ಪರ್ ನೀರಿನದು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದಿಂದ ಹೊರಬರುವ ಕೊಳೆನೀರಿನದು. ಹಣ್ಣಿನ ಸಿಪ್ಪೆ, ಲೋಳೆ ಬೆರೆತ ಆ ಹುಳಿನೀರು ಹಳ್ಳಕ್ಕೆ ಸೇರಿದರೆ ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಹೀರಿಬಿಡುತ್ತವೆ. ಅರೇಬಿಕಾ ಕಾಫಿಯ ಕೊಯ್ಲು ಏರುವ ಹೊತ್ತಿಗೆ ಹಳ್ಳಗಳ ಹರಿವು ಇಳಿದಿರುವುದರಿಂದ ಕೊಳೆಯನ್ನು ತೆಳುವಾಗಿಸಲು ಬೇಕಾದಷ್ಟು ನೀರೂ ಇರುವುದಿಲ್ಲ, ಮೊಟ್ಟೆ ಮತ್ತು ಗೊದಮೊಟ್ಟೆಗಳು ಹರಳಿನ ಅಡಿಯಲ್ಲಿರುವ ಕಾಲವೂ ಸರಿಸುಮಾರು ಅದೇ. ಈ ನೀರನ್ನು ತೊಟ್ಟಿಯಲ್ಲಿ ಹಿಡಿದು, ಸುಣ್ಣ ಹಾಕಿ ಹುಳಿ ತಗ್ಗಿಸಿ, ಕೊಳೆಯಿಸಿ ಶುದ್ಧೀಕರಿಸುವ ಕ್ರಮ ಹೊಸದೇನಲ್ಲ, ಬೆಳೆಗಾರರಿಗೆ ಗೊತ್ತಿರುವಂಥದ್ದೇ. ತೋಟದ ಹಳ್ಳದ ಎರಡೂ ದಂಡೆಗಳಲ್ಲಿ ಕಾಡುಮರಗಳ ಒಂದು ಪಟ್ಟಿಯನ್ನು ಮುಟ್ಟದೆ ಬಿಟ್ಟು, ನೆರಳುಮರಗಳ ಕೊಂಬೆ ಸವರುವ ಮರಗಸಿ ಮಾಡುವಾಗ ಆ ಸಾಲಿಗೆ ಕತ್ತಿ ಹಾಕದಿದ್ದರೆ ಕಪ್ಪೆಗೆ ಬೇಕಾದ ನೆರಳೂ ಉಳಿಯುತ್ತದೆ, ಬೇಸಿಗೆಯಲ್ಲಿ ಹಳ್ಳದ ನೀರು ಬಿಸಿಲಿಗೆ ಬೇಗ ಆವಿಯಾಗುವುದೂ ತಗ್ಗುತ್ತದೆ.