ದೇವನಹಳ್ಳಿ ಭೂಮಿ: ‘ಕೊಡಲ್ಲ’ ಅಂತ ಎಲ್ಲಿ ಬರೆಯಬೇಕು?

ಚನ್ನರಾಯಪಟ್ಟಣ ಅಂದ ಕೂಡಲೇ ಹಾಸನ ಜಿಲ್ಲೆ ನೆನಪಾಗುತ್ತದೆ. ಇದು ಅದಲ್ಲ. ಬೆಂಗಳೂರು ವಿಮಾನ ನಿಲ್ದಾಣದ ಆಚೆಗೆ, ದೇವನಹಳ್ಳಿ ತಾಲ್ಲೂಕಿನಲ್ಲಿರುವ ಒಂದು ಹೋಬಳಿ. ಇಲ್ಲಿನ 13 ಹಳ್ಳಿಗಳ 1,777 ಎಕರೆ ಜಮೀನನ್ನು ಏರೋಸ್ಪೇಸ್ ಪಾರ್ಕಿಗೆ ತೆಗೆದುಕೊಳ್ಳುವ ಯೋಜನೆ ಇತ್ತು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಡುವುದಾಗಿ ಹೇಳಿತು. ರೈತರು ಧರಣಿ ಕೂತು ಅವತ್ತಿಗೆ 1,198 ದಿನ.

ಸುದ್ದಿಯಲ್ಲಿ ಬಂದಿದ್ದು ಇಷ್ಟು. ಆದರೆ ಓದಿದವರು ಕೇಳುವ ಪ್ರಶ್ನೆಗಳು ಬೇರೆ. ಬೇಡ ಅಂತ ರೈತರು ಮೊದಲೇ ಬರೆದು ಕೊಟ್ಟಿರಲಿಲ್ವಾ? ಕೊಟ್ಟಿದ್ದರೆ ಮೂರು ವರ್ಷ ಯಾಕೆ ಬೀದಿಯಲ್ಲಿ ಕೂರಬೇಕಾಯ್ತು? ಭೂಮಿ ತೆಗೆದುಕೊಳ್ಳೋಕೆ ರೈತರ ಒಪ್ಪಿಗೆ ಬೇಕು ಅಂತ ಕಾನೂನು ಬಂದಿದೆ ಅಲ್ವಾ?

ಬ್ರಿಟಿಷರು 1894ರಲ್ಲಿ ಭೂಸ್ವಾಧೀನ ಕಾಯ್ದೆ ತಂದಾಗ ‘ಬೇಡ’ ಅನ್ನೋಕೆ ಅದರಲ್ಲಿ ಜಾಗವೇ ಇರಲಿಲ್ಲ. ಎಷ್ಟು ದುಡ್ಡು ಅಂತ ಮಾತ್ರ ಜಗಳ ಆಡಬಹುದಿತ್ತು. 1923ರಲ್ಲಿ 5ಎ ಅನ್ನುವ ಕಲಂ ಸೇರಿಸಿ, 30 ದಿನದೊಳಗೆ ಆಕ್ಷೇಪಣೆ ಹೇಳಬಹುದು ಅಂದರು. 2013ರಲ್ಲಿ ಆ ಕಾಯ್ದೆ ಹೋಗಿ ಹೊಸದು ಬಂತು. ಖಾಸಗಿ ಕಂಪನಿಗಾದರೆ 80%, ಸರ್ಕಾರ–ಖಾಸಗಿ ಪಾಲುದಾರಿಕೆಯ ಯೋಜನೆಗಾದರೆ 70% ಮಂದಿಯ ಒಪ್ಪಿಗೆ ಬೇಕು. ಸರ್ಕಾರ ತನಗೇ ತೆಗೆದುಕೊಂಡರೆ ಒಪ್ಪಿಗೆ ಬೇಡ, ಆದರೆ ಊರಿನ ಮೇಲೆ ಏನು ಪರಿಣಾಮ ಆಗುತ್ತೆ ಅಂತ ಅಧ್ಯಯನ ಮಾಡಿಸಬೇಕು, ಅದರ ಮೇಲೆ ಜನರ ಅಹವಾಲು ಕೇಳಬೇಕು. ಒಂದು ಶತಮಾನಕ್ಕೂ ಮಿಕ್ಕಿದ ಕಥೆ ಇಷ್ಟೇ.

ಆದರೆ ದೇವನಹಳ್ಳಿಗೆ ಬಂದ ನೋಟಿಸು ಈ ಕಾಯ್ದೆಯ ಕೆಳಗೆ ಬಂದದ್ದಲ್ಲ. ಗೊಂದಲ ಶುರುವಾಗುವುದೇ ಇಲ್ಲಿ.

ಕರ್ನಾಟಕಕ್ಕೆ ತನ್ನದೇ ಒಂದು ಕಾಯ್ದೆ ಇದೆ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ. ಕೆಐಎಡಿಬಿ, ಅಂದರೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹುಟ್ಟಿದ್ದು ಇದರಿಂದಲೇ. ಪೀಣ್ಯದಿಂದ ಹಿಡಿದು ಎಷ್ಟೋ ಕೈಗಾರಿಕಾ ಪ್ರದೇಶಗಳ ಹಿಂದೆ ಇರುವುದು ಈ ಮಂಡಳಿ. ಇದರ 28ನೇ ಕಲಂ ರೈತರ ಬಾಯಲ್ಲಿ ‘ಟ್ವೆಂಟಿ ಎಯ್ಟ್ ಒನ್’, ‘ಟ್ವೆಂಟಿ ಎಯ್ಟ್ ಫೋರ್’ ಅಂತ ಓಡಾಡುತ್ತದೆ. 28(1) ಅಂದರೆ ನಿಮ್ಮ ಜಮೀನು ಬೇಕಾಗಿದೆ ಅನ್ನುವ ಅಧಿಸೂಚನೆ. 28(2) ಅಂದರೆ ಯಾಕೆ ತೆಗೆದುಕೊಳ್ಳಬಾರದು, 30 ದಿನದಲ್ಲಿ ಹೇಳಿ ಅನ್ನುವ ನೋಟಿಸು. 28(3)ರಲ್ಲಿ ಅಹವಾಲು ಕೇಳುತ್ತಾರೆ. 28(4) ಅಂತಿಮ ಅಧಿಸೂಚನೆ. ಅದು ಗೆಜೆಟ್‌ನಲ್ಲಿ ಬಂತು ಅಂದರೆ ಜಮೀನು ಸರ್ಕಾರದ್ದು. 70%, 80% ಅನ್ನುವ ಮಾತು ಈ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಊರಿನವರೆಲ್ಲ ಸೇರಿ ಮಾತಾಡುವ ಸಭೆಯೂ ಇಲ್ಲ. ನೋಟಿಸು ಬಂದ ಒಬ್ಬೊಬ್ಬ ರೈತನೂ ತನ್ನ ಸರ್ವೆ ನಂಬರ್ ಹಿಡಿದುಕೊಂಡು ಒಬ್ಬೊಬ್ಬನೇ ಹೋಗಬೇಕು.

ಆ 28(3) ಹೇಗಿರುತ್ತೆ ಅಂತ ಕಾಯ್ದೆ ಓದಿದರೆ ಗೊತ್ತಾಗಲ್ಲ. ನಾನು ನೋಡಿದ್ದೊಂದು ಹೇಳ್ತೀನಿ. ಬಹಳ ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪನಿಗೂ ಇಂಥದೇ ನೋಟಿಸು ಬಂದಿತ್ತು. ಬೇರೆ ಜಿಲ್ಲೆ, ಬೇರೆ ಯೋಜನೆ. ಊರು, ಕಚೇರಿಯ ಹೆಸರು ಇಲ್ಲಿ ಬೇಡ. ಎರಡು ಎಕರೆ ಹತ್ತು ಗುಂಟೆ, ಒಂದು ಬೋರು, ಬದುವಿನ ಮೇಲೆ ತೆಂಗಿನ ಮರ. ಅರ್ಜಿ ಬರೆದಿದ್ದು ನಾನೇ, ಅವರು ಹೇಳಿದ ಹಾಗೆ. ಎರಡು ಪ್ರತಿ ಮಾಡಿಸಿ, ಒಂದಕ್ಕೆ ಸೀಲು ಹಾಕಿಸಿಕೊಂಡು, ಬೆಂಚಿನ ಮೇಲೆ ಮಧ್ಯಾಹ್ನದ ತನಕ ಕಾದೆವು.

ಒಳಗೆ ಕರೆದವರು ಒಳ್ಳೆಯವರೇ. ಕೂತ್ಕೊಳ್ಳಿ ಅಂದರು. ಅರ್ಜಿಯ ಮೇಲೆ ಕಣ್ಣಾಡಿಸಿ, “ಯಜಮಾನ್ರೇ, ಮರಕ್ಕೆ ಬೇರೆ, ಬೋರಿಗೆ ಬೇರೆ ಲೆಕ್ಕ ಹಾಕಿ ಕೊಡ್ತಾರೆ. ನಿಮಗೆ ರೇಟ್ ಎಷ್ಟು ಬೇಕು ಅಂತ ಬರೆದೇ ಇಲ್ವಲ್ಲ?” ಅಂದರು.

“ಕೊಡಲ್ಲ ಅಂತ ಬರ್ದಿದೀನಲ್ಲ ಸ್ವಾಮಿ.”

ಅವರು ಏನೋ ಬರೆದುಕೊಂಡರು. ಅವರು ತೋರಿಸಿದ ಕಡೆ ದೊಡ್ಡಪ್ಪ ಸಹಿ ಹಾಕಿದರು. ಐದು ನಿಮಿಷವೂ ಆಗಿರಲಿಲ್ಲ. ಕೆಲವು ತಿಂಗಳಾದ ಮೇಲೆ ಬಂದ ಆದೇಶದಲ್ಲಿ ಒಂದು ಸಾಲು ಇತ್ತು: ಆಕ್ಷೇಪಣೆದಾರರು ಹೆಚ್ಚಿನ ಪರಿಹಾರ ಕೋರಿರುತ್ತಾರೆ.

ಯಾರೋ ಬೇಕಂತಲೇ ಹಾಗೆ ಬರೆದರು ಅಂತ ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸಲ್ಲ. ‘ಎಷ್ಟು’ ಅನ್ನುವುದಕ್ಕೆ ಆ ಟೇಬಲ್ ಮೇಲೆ ಫೈಲ್ ಇತ್ತು, ‘ಇಲ್ಲ’ ಅನ್ನುವುದಕ್ಕೆ ಇರಲಿಲ್ಲ. ಅಹವಾಲು ಕೇಳುವುದು ಬರೀ ಶಾಸ್ತ್ರ ಆಗಬಾರದು ಅಂತ ಸುಪ್ರೀಂ ಕೋರ್ಟ್ ಹಲವು ಸಲ ಹೇಳಿದೆ. 2011ರಲ್ಲಿ ಗ್ರೇಟರ್ ನೋಯ್ಡಾದ ಶಾಹ್‌ಬೇರಿಯಲ್ಲಿ ತುರ್ತು ಅಂತ ಹೇಳಿ ಅಹವಾಲನ್ನೇ ಬಿಟ್ಟಿದ್ದರು. ಆ ಭೂಸ್ವಾಧೀನ ಕೋರ್ಟಿನಲ್ಲಿ ಬಿದ್ದೇ ಹೋಯಿತು. ಅಹವಾಲು ಕೇಳದೇ ಇದ್ದರೆ ಕೋರ್ಟು ಹಿಡಿಯುತ್ತೆ. ಕೇಳಿ, ಬರೆದುಕೊಂಡು, ತಿರಸ್ಕರಿಸಿದರೆ? ಅಲ್ಲಿ ರೈತನ ಕೈಯಲ್ಲಿ ಜಾಸ್ತಿ ಏನೂ ಉಳಿಯುವುದಿಲ್ಲ.

ಮತ್ತೆ ದೇವನಹಳ್ಳಿಗೆ. ಈ ತಾಲ್ಲೂಕು ಭೂಮಿ ಕೊಟ್ಟಿಲ್ಲ ಅಂತಲ್ಲ. 2008ರಲ್ಲಿ ಶುರುವಾದ ವಿಮಾನ ನಿಲ್ದಾಣ ಒಂದೇ ಸುಮಾರು 4,000 ಎಕರೆ. ಆಮೇಲೆ ಹಾರ್ಡ್‌ವೇರ್ ಪಾರ್ಕ್, ಏರೋಸ್ಪೇಸ್ ಪಾರ್ಕ್, ಲೇಔಟುಗಳು. ಕೈಗಾರಿಕೆಯವರ ವಾದವನ್ನೂ ತಳ್ಳಿಹಾಕುವ ಹಾಗಿಲ್ಲ. 1940ರಲ್ಲಿ ಎಚ್‌ಎಎಲ್ ಶುರುವಾದಾಗಿನಿಂದ ಬೆಂಗಳೂರಿನಲ್ಲಿ ವಿಮಾನ ಕಟ್ಟುವ ಕೈಗಳಿವೆ. ಆ ಉದ್ಯಮ ಬೆಳೆಯಬೇಕಾದರೆ ರನ್‌ವೇ ಹತ್ತಿರ ಜಾಗ ಬೇಕು. ಕೆಲಸ ಸಿಗುವುದು ನಮ್ಮ ಮಕ್ಕಳಿಗೇ ತಾನೇ ಅನ್ನುವವರು ಆ ಹಳ್ಳಿಗಳಲ್ಲೂ ಇದ್ದರು.

ಆದರೆ ಅದು ಪಾಳುಬಿದ್ದ ಭೂಮಿ ಅಲ್ಲ. ರಾಗಿ, ದ್ರಾಕ್ಷಿ, ತರಕಾರಿ, ಹೂವು, ಹಿಪ್ಪುನೇರಳೆ ಬೆಳೆಯುವ ನೆಲ. ದೇವನಹಳ್ಳಿ ಚಕೋತ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೇ ಇದೆ. ಹಾಲು, ಸೊಪ್ಪು ಬೆಳಗಾಗುವುದರೊಳಗೆ ಬೆಂಗಳೂರು ಸೇರುತ್ತದೆ. ಹೆಚ್ಚಿನವರದು ಒಂದೆರಡು ಎಕರೆಯ ಹಿಡುವಳಿ. ಅಂಥವರಿಗೆ ಎಕರೆಗೆ ಎಷ್ಟು ಕೋಟಿ ಅನ್ನುವ ಮಾತು ಕೇಳೋಕೆ ಚೆನ್ನಾಗಿರುತ್ತೆ. ಆ ದುಡ್ಡಿಗೆ ಅದೇ ಸುತ್ತಿನಲ್ಲಿ ಮತ್ತೆ ಜಮೀನು ಸಿಗುತ್ತಾ ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ನೋಟಿಸುಗಳು ಬಂದಮೇಲೆ, 2022ರ ಏಪ್ರಿಲ್ 4ರಂದು ಧರಣಿ ಶುರುವಾಯಿತು. ಹೊರಗಿನವರಿಗೆ ಕಾಣದ ಒಂದು ತೊಂದರೆ ಅಂದರೆ ಪಹಣಿ. 28(1) ಆದಮೇಲೆ ಪಹಣಿಯಲ್ಲಿ ಕೆಐಎಡಿಬಿ ಅಂತ ನಮೂದಾಗುತ್ತದೆ. ಜಮೀನು ಇನ್ನೂ ನಿಮ್ಮದೇ, ಉಳುವುದೂ ನೀವೇ. ಆದರೆ ಸಾಲ ಕೇಳೋಕೆ ಬ್ಯಾಂಕಿಗೆ ಹೋದರೆ ಆ ಒಂದು ಪದ ನೋಡಿ ಕಾಗದ ವಾಪಸ್ ಕೊಡುತ್ತಾರೆ. ಮಗಳ ಮದುವೆಗೆ ಅಂತ ಅರ್ಧ ಎಕರೆ ಮಾರೋಕೂ ಆಗಲ್ಲ. ಹೀಗೆ ವರ್ಷ ಎಳೆದಷ್ಟೂ ‘ಕೊಟ್ಟುಬಿಡೋಣ’ ಅನ್ನುವವರು ಜಾಸ್ತಿ ಆಗುತ್ತಾರೆ. ಇದನ್ನೂ ಒಪ್ಪಿಗೆ ಅಂತಲೇ ಎಣಿಸುತ್ತಾರೆ.

ಈ ನಡುವೆ ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ಧರಣಿಗೆ ಬೆಂಬಲ ಹೇಳಿದವರು ಅಧಿಕಾರಕ್ಕೆ ಬಂದರು, ಅಧಿಕಾರದಲ್ಲಿದ್ದವರು ಆಚೆ ಬಂದು ರೈತರ ಪರ ಮಾತಾಡಿದರು. ಫೈಲು ಮಾತ್ರ ತನ್ನ ಪಾಡಿಗೆ ಮುಂದಕ್ಕೆ ಹೋಗುತ್ತಿತ್ತು.

2025ರ ಜೂನ್‌ನಲ್ಲಿ ಒಂದು ತಿರುವು. ಮೂರು ಹಳ್ಳಿಗಳ 495 ಎಕರೆ ಬಿಡುತ್ತೇವೆ, ಉಳಿದ 1,282 ಎಕರೆ ತೆಗೆದುಕೊಳ್ಳುತ್ತೇವೆ ಅಂತ ಸರ್ಕಾರದ ಕಡೆಯಿಂದ ಮಾತು ಬಂತು. ಹೋರಾಟಗಳು ಸಾಮಾನ್ಯವಾಗಿ ಒಡೆಯುವುದು ಇಂಥ ಕಡೆಯೇ. ಬಚಾವಾದ ಊರಿನವರು ಟೆಂಟು ಬಿಟ್ಟು ಮನೆಗೆ ಹೋಗುತ್ತಾರೆ. ಇಲ್ಲಿ ಹಾಗಾಗಲಿಲ್ಲ, 13 ಊರನ್ನೂ ಬಿಡಿ ಅಂತ ಕೂತರು. ಜೂನ್ 25ರಂದು ‘ದೇವನಹಳ್ಳಿ ಚಲೋ’ ನಡೆದು ಪೊಲೀಸರು ಅನೇಕರನ್ನು ವಶಕ್ಕೆ ತೆಗೆದುಕೊಂಡರು. ಧರಣಿ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂತು. ರೈತ, ದಲಿತ, ಕಾರ್ಮಿಕ ಸಂಘಟನೆಗಳು ಸೇರಿಕೊಂಡವು, ನಟ ಪ್ರಕಾಶ್ ರಾಜ್ ಬಂದು ಕೂತರು. ಜುಲೈ 4ರಂದು ಮುಖ್ಯಮಂತ್ರಿ ಸಭೆ ಕರೆದು, ಕಾನೂನು ತೊಡಕು ನೋಡಬೇಕು ಅಂತ ಹತ್ತು ದಿನ ಸಮಯ ಕೇಳಿದರು. ಜುಲೈ 15ರಂದು ವಿಧಾನಸೌಧದಲ್ಲಿ ಕೈಬಿಟ್ಟೆವು ಅಂದರು.

ಗಮನಿಸಿ: ಆ ‘ಇಲ್ಲ’ವನ್ನು ಕೇಳಿಸಿಕೊಂಡಿದ್ದು 28(3)ರ ಕೋಣೆಯಲ್ಲಿ ಅಲ್ಲ. ಹೀಗಾಗಿ ಕಾಯ್ದೆ ಹೇಗಿತ್ತೋ ಹಾಗೇ ಇದೆ. ನಾಳೆ ಇನ್ನೊಂದು ಹೋಬಳಿಗೆ ನೋಟಿಸು ಬಂದರೆ ಅದೇ 30 ದಿನ, ಅದೇ ಬೆಂಚು. ಜುಲೈ 15ರ ಹೇಳಿಕೆಯಲ್ಲೇ ಇನ್ನೊಂದು ಮಾತೂ ಇತ್ತು. ಸ್ವಂತ ಇಷ್ಟದಿಂದ ಕೊಡುವವರ ಜಮೀನನ್ನು ಹೆಚ್ಚಿನ ದರಕ್ಕೆ ತೆಗೆದುಕೊಳ್ಳಲಾಗುವುದು, ಅಭಿವೃದ್ಧಿಪಡಿಸಿದ ಜಾಗದಲ್ಲಿ ಪಾಲೂ ಇರುತ್ತೆ ಅಂತ. ಮಾತು ಮತ್ತೆ ‘ಎಷ್ಟು’ ಅನ್ನುವುದಕ್ಕೇ ಬಂತು.

ಅತ್ತ ಬಿಡದಿ ಕಡೆ, ಭೈರಮಂಗಲ, ಕಂಚುಗಾರನಹಳ್ಳಿ ಸುತ್ತ ಟೌನ್‌ಶಿಪ್ ಯೋಜನೆಗೆ ಇನ್ನೊಂದು ಸುತ್ತು ವಿರೋಧ ನಡೆದಿದೆ. ಅಲ್ಲಿ ಕಾಯ್ದೆ ಬೇರೆ, ಆಕ್ಷೇಪಣೆ ಬರೆಯುವ ಪಾಡು ಇದೇ. ಅಲ್ಲಾಗಲಿ, ಬೇರೆ ಎಲ್ಲೇ ಆಗಲಿ ಬರೆಯುವವರಿಗೆ ದೊಡ್ಡಪ್ಪನ ಕಡೆಯಿಂದ ಎರಡು ಮಾತು. ‘ಜಮೀನು ಕೊಡಲು ಒಪ್ಪಿಗೆ ಇಲ್ಲ’ ಅನ್ನುವುದು ಮೊದಲನೇ ಸಾಲಿನಲ್ಲಿರಲಿ, ಮರ, ಬೋರು, ಬೆಳೆಯ ವಿವರ ಆಮೇಲೆ. ಇನ್ನು ಸಹಿ ಹಾಕಿ ಅಂದಾಗ, ಮೇಲೆ ಅವರು ಏನು ಬರೆದುಕೊಂಡಿದ್ದಾರೆ ಅಂತ ಪೂರ್ತಿ ಓದಿಸಿಕೊಳ್ಳಿ. ಹೊರಗೆ ಎಷ್ಟೇ ಜನ ಕಾಯುತ್ತಿದ್ದರೂ ಸರಿ.