ಕಪ್ಪು ಕೆಸರು ಅಂದ್ರೆ ಹೆವಿ ಮೆಟಲ್ಲಾ? (ಮತ್ತೆ ಅದೇ ಪ್ರಶ್ನೆ)

ವೀಕೆಂಡಲ್ಲಿ ಹೊನ್ನಾವರದ ಕಾಂಡ್ಲಾ ಕಾಡು (ಉಪ್ಪುನೀರಿನ ಕೆಸರಲ್ಲಿ ಬೆಳೆಯೋ ಮ್ಯಾಂಗ್ರೋವ್) ನೋಡ್ಕೊಂಡು ಬಂದೋರು ಸೋಮವಾರ ಕೇಳೋದು ಒಂದೇ: "ಸರ್, ಅಲ್ಲಿ ಕೆಸರು ಕರ್ರಗಿತ್ತು, ಕೊಳೆತ ಮೊಟ್ಟೆ ವಾಸ್ನೆ ಬೇರೆ, ಹೆವಿ ಮೆಟಲ್ ಇರ್ಬೇಕಲ್ವಾ, ಏಡಿ ತಿಂದ್ಬಿಟ್ವಿ?"

ಹೆವಿ ಮೆಟಲ್, ಅಂದ್ರೆ ಸೀಸ, ಕ್ಯಾಡ್ಮಿಯಂ ಥರದ ವಿಷದ ಲೋಹ, ಇದ್ಯೋ ಇಲ್ವೋ ಅಂತ ಬಣ್ಣ ನೋಡಿ ಹೇಳಕ್ಕಾಗಲ್ಲ ಮಾರಾಯ್ರೇ. ಬೆಂಗಳೂರಿನ ಕೊಳಚೆ ಸೇರೋ ಬೆಳ್ಳಂದೂರು ಕೆರೆ ನೋಡಿ ನೋಡಿ ನಮ್ಮ ತಲೇಲಿ ಕಪ್ಪು ಅಂದ್ರೆ ವಿಷ ಅಂತ ಕೂತ್ಬಿಟ್ಟಿದೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 2.7 ಗ್ರಾಂ ಸಲ್ಫೇಟ್ ಇರತ್ತೆ, ಎಲೆ ಉದುರಿ ಕೆಸರಲ್ಲಿ ಹೂತು ಆಕ್ಸಿಜನ್ ಖಾಲಿಯಾದ್ಮೇಲೆ ಕೆಲವು ಬ್ಯಾಕ್ಟೀರಿಯಾ ಆ ಸಲ್ಫೇಟನ್ನೇ ಬಳಸ್ಕೊಂಡು ಬದುಕ್ತವೆ, ಆಗ ಹೈಡ್ರೋಜನ್ ಸಲ್ಫೈಡ್ ಹೊರಗೆ ಬರತ್ತೆ, ವಾಸ್ನೆ ಅದರದ್ದು, ಅದೇ ಕೆಸರಲ್ಲಿರೋ ಕಬ್ಬಿಣದ ಜೊತೆ ಸೇರಿದ್ರೆ ಈ ಕಪ್ಪು. ಸುತ್ತಮುತ್ತ ಒಂದೂ ಫ್ಯಾಕ್ಟರಿ ಇಲ್ದೇ ಇರೋ ಕಡೇನೂ ಹೀಗೇ. ನಂಬಿಕೆ ಬರ್ಲಿಲ್ವಾ, ಒಂದು ಚಮಚ ಕೆಸರನ್ನ ಬಿಳಿ ತಟ್ಟೆ ಮೇಲೆ ತೆಳ್ಳಗೆ ಸವರಿ ಇಡಿ, ಗಾಳಿ ತಾಗ್ತಾ ತಾಗ್ತಾ ಮೇಲ್ಪದರ ತುಕ್ಕಿನ ಥರ ಕಂದು ಬಣ್ಣಕ್ಕೆ ತಿರುಗತ್ತೆ. ಸೀಸ, ಕ್ಯಾಡ್ಮಿಯಂ ಇರೋದೇ ಕೆಜಿಗೆ ಮಿಲಿಗ್ರಾಂ ಲೆಕ್ಕದಲ್ಲಿ, ಅವೆಲ್ಲಿ ಕಣ್ಣಿಗೆ ಕಾಣ್ಬೇಕು! ಇನ್ನೊಂದು ತಮಾಷೆ, ಇದೇ ಸಲ್ಫೈಡ್ ಈ ಲೋಹಗಳನ್ನ ಗಟ್ಟಿಯಾಗಿ ಹಿಡ್ಕೊಂಡಿರತ್ತೆ, ಡ್ರೆಜಿಂಗ್ ಮಾಡಿ (ಹೂಳೆತ್ತಿ) ಕದಡಿದಾಗ್ಲೇ ಅವು ಬಿಟ್ಕೊಂಡು ನೀರಿಗೆ ಸೇರೋ ಚಾನ್ಸ್ ಜಾಸ್ತಿ.

ಹಾಗಾದ್ರೆ ಲ್ಯಾಬಲ್ಲಿ ಏನ್ಮಾಡ್ತಾರೆ? 63 ಮೈಕ್ರಾನ್ ಜರಡಿ ಹಿಡಿದು ನುಣುಪು ಭಾಗ ಬೇರೆ ಮಾಡಿ, ಆಸಿಡಲ್ಲಿ ಕರಗಿಸಿ ಅಳೀತಾರೆ. ಲೋಹ ಅಂಟೋದು ಜೇಡಿಗೇ ಜಾಸ್ತಿ, ಹಾಗಾಗಿ ಮರಳಲ್ಲಿ 30 ಪಿಪಿಎಂ (ಕೆಜಿಗೆ 30 ಮಿಲಿಗ್ರಾಂ) ಸೀಸ ಸಿಕ್ರೆ ಅನುಮಾನ ಪಡ್ಬೇಕು, ಜೇಡಿಯಲ್ಲಿ ಅಷ್ಟು ಸಿಕ್ರೆ ಮಾಮೂಲಿಯೂ ಇರ್ಬೋದು, ಅದಕ್ಕೇ ಜೇಡಿಯಲ್ಲಿ ಸಹಜವಾಗೇ ಜಾಸ್ತಿ ಇರೋ ಅಲ್ಯೂಮಿನಿಯಂ ಜೊತೆ ರೇಶಿಯೋ ಹಾಕಿ ನೋಡೋದು. ಏಡಿ ಬಗ್ಗೆ ಡೌಟಿದ್ರೆ ಏಡಿಯನ್ನೇ ಟೆಸ್ಟ್ ಮಾಡಿಸ್ಬೇಕು, ಕೆಸರಿನ ರಿಪೋರ್ಟ್ ಅದಕ್ಕೆ ಉತ್ತರ ಕೊಡಲ್ಲ.

ಯಾರೂ ಕೇಳದ ಪ್ರಶ್ನೆ: ನಮ್ಮ ಬೆಂಗಳೂರಿನ ಕೊಳೆ ಯಾವ ಸಮುದ್ರಕ್ಕೆ ಹೋಗತ್ತೆ? ಹೊನ್ನಾವರದ ಕಡೆಗಂತೂ ಅಲ್ಲ. ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರಿ ಕಡಲೂರಿನ ಹತ್ರ ಬಂಗಾಳ ಕೊಲ್ಲಿಗೆ, ವೃಷಭಾವತಿ ನದೀದು ಅರ್ಕಾವತಿ, ಕಾವೇರಿ ಮೂಲಕ. ಆದ್ರೆ ನೀರು ನಿಧಾನ ಆದ ಕಡೆಯೆಲ್ಲ ಹೂಳು ಕೂರತ್ತೆ, ಲೋಹ ಅದರ ಜೊತೆಗೇ, ಅಂದ್ರೆ ಬೈರಮಂಗಲ ಕೆರೇಲಿ, ಹೊಸೂರಿನ ಕೆಲವರಪಳ್ಳಿ ಡ್ಯಾಮಲ್ಲಿ. ಅಂಥ ಹೂಳನ್ನ ಟ್ರ್ಯಾಕ್ಟರಲ್ಲಿ ತಂದು ತೋಟಕ್ಕೆ ಹಾಕ್ಸೋ ಐಡಿಯಾ ಇದ್ರೆ ಮೊದಲು ಒಂದು ಸ್ಯಾಂಪಲ್ ಟೆಸ್ಟಿಗೆ ಕಳ್ಸಿ. ಕಪ್ಪಗಿದ್ರೂ ಸರಿ, ಕೆಂಪಗಿದ್ರೂ ಸರಿ.